ಉಟ್ಟ ಬಟ್ಟೆಯ ಋಣ

(ಸಂಘದ ವಾರ್ಷಿಕೋತ್ಸವದಂದು ತಾಳವಾಡಿಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡ ಪಂಡಿತನೊಬ್ಬನನ್ನು ನಿಲ್ಲಿಸಿದರೆ ಆತನು ಪಂಪನಿಂದ ಆರಂಭಿಸಿ ಕುಮಾರವ್ಯಾಸನವರೆಗೆ ಬಂದು, ಅಲ್ಲಿಂದ ಗಡಿನಾಡಿನ ಕನ್ನಡಿಗರ ದುಃಸ್ಥಿತಿಯನ್ನು ಬಣ್ಣಿಸಿ, ಸಭಿಕರು ಊಟದ ಪಂಕ್ತಿಯ ಕಡೆಗೆ ನೋಡತೊಡಗಿದಾಗ ಮುಗಿಸುವುದು ವಾಡಿಕೆ. ನಾವೂ ಹಲವು ವರ್ಷ ಹಾಗೆಯೇ ಮಾಡಿದ್ದೇವೆ. ಈ ಸಲ ಕಾರ್ಯದರ್ಶಿಗಳು ವಿಷಯವೇನೆಂದು ಕೇಳಿದಾಗ "ಬಟ್ಟೆ" ಎಂದು ಹೇಳಿದೆವು. ಅವರು ಒಂದು ಕ್ಷಣ ನಮ್ಮ ಪಂಚೆಯನ್ನೂ ಮತ್ತೊಂದು ಕ್ಷಣ ನಮ್ಮ ಮುಖವನ್ನೂ ನೋಡಿ, "ವಚನಕಾರರಲ್ಲಿ ನೇಕಾರರು ಎಂದು ಅಚ್ಚು ಹಾಕಿಸಲೇ?" ಎಂದು ಕೇಳಿದರು. ಅದೂ ಬರುತ್ತದೆ, ಆದರೆ ಅಷ್ಟೇ ಅಲ್ಲ ಎಂದು ಉತ್ತರಿಸಿದೆವು.

ನಾವಿಂದು ಮಾತನಾಡಲು ಬಯಸುವುದು, ನಾವು ತೊಡುವ ಬಟ್ಟೆಯು ಯಾರ ಕೈಯಿಂದ, ಯಾವ ನೀರಿನಿಂದ, ಯಾವ ಬೆಲೆಗೆ ಬರುತ್ತದೆ ಎಂಬುದನ್ನು ಕುರಿತು. ಈ ವಿಷಯ ನಮಗೆ ದೂರದ್ದಲ್ಲ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು, ಬಣ್ಣಾರಿಯಲ್ಲಿ ಕೈಮುಗಿದು, ಸತ್ಯಮಂಗಲವನ್ನು ದಾಟಿದರೆ ಮುಂದಿನದೆಲ್ಲ ನೂಲಿನ ನಾಡು. ಕೊಯಮತ್ತೂರಿನಲ್ಲಿ ನೂಲಿನ ಗಿರಣಿಗಳು, ಈರೋಡಿನಲ್ಲಿ ಜವಳಿಯ ಪೇಟೆ, ಭವಾನಿಯಲ್ಲಿ ಜಮಖಾನೆ, ಚೆನ್ನಿಮಲೈಯಲ್ಲಿ ಹೊದಿಕೆ, ತಿರುಪ್ಪೂರಿನಲ್ಲಿ ಬನಿಯನು. ಆ ನಾಡಿನಲ್ಲಿ ಮನೆಯೊಳಗೆ ಕನ್ನಡವನ್ನಾಡುತ್ತ ಮಗ್ಗದ ಮುಂದೆ ಕುಳಿತ ದೇವಾಂಗ ಕುಟುಂಬಗಳು ಎಷ್ಟೋ ತಲೆಮಾರುಗಳಿಂದ ನೆಲೆಸಿವೆ. ಭವಾನಿಯ ಜಮಖಾನೆಯನ್ನು ಹೆಸರಿಗೆ ತಂದವರು ಜಂಗಮರೆಂಬ ನೇಕಾರರು. ನಮ್ಮ ಊರಿನ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಬಸ್ಸು ಹತ್ತುವುದೂ ಆ ದಿಕ್ಕಿಗೇ. ಈ ಸಭೆಯಲ್ಲಿ ಕುಳಿತಿರುವವರ ಪೈಕಿ, ಮನೆಯಲ್ಲೊಬ್ಬರಾದರೂ ತಿರುಪ್ಪೂರಿನಲ್ಲಿ ಹೊಲಿಗೆಯಂತ್ರದ ಮುಂದೆಯೋ ನೂಲಿನ ಗಿರಣಿಯಲ್ಲಿಯೋ ಕುಳಿತೆದ್ದಿಲ್ಲವೆನ್ನುವ ಕುಟುಂಬಗಳು ಬಹಳವಿರಲಾರವು.

ಮೊದಲು ನದಿಯ ಕಥೆಯನ್ನು ಹೇಳುತ್ತೇವೆ.

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ಮತ್ತು ತಿರುಪ್ಪೂರುಗಳ ಮೂಲಕ ಹರಿದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ಹೊಳೆಗೆ ನೊಯ್ಯಲ್ ಎಂದು ಹೆಸರು. ಅದರ ಉದ್ದಕ್ಕೂ ಹಿಂದಿನವರು ಕಟ್ಟಿದ ಕೆರೆಗಳ ಸರಣಿಯೇ ಇದೆ. ತಿರುಪ್ಪೂರು ಆ ಹೊಳೆಯ ದಂಡೆಯ ಊರು. 1920ರ ದಶಕದಲ್ಲಿ ಅದು ಖಾದಿಯ ದೊಡ್ಡ ಕೇಂದ್ರವಾಗಿತ್ತು. 1932ರ ಜನವರಿಯಲ್ಲಿ ಧ್ವಜವನ್ನು ಕೈಬಿಡದೆ ಲಾಠಿ ಏಟಿಗೆ ಬಲಿಯಾದ ಕುಮಾರನ್ ಅಲ್ಲಿಯವನೇ. ಆತನ ಹುಟ್ಟೂರು ಚೆನ್ನಿಮಲೈ, ಮನೆತನ ನೇಕಾರರದು. ಆ ಹೆಸರನ್ನು ಈಗ ಹೇಳಿದುದಕ್ಕೆ ಕಾರಣವಿದೆ; ಆತನು ಹುಟ್ಟಿದ ಊರಿನ ಸಮೀಪದಲ್ಲಿಯೇ ಈ ಕಥೆಯ ದುಃಖದ ಭಾಗವು ನಡೆಯಿತು.

ಖಾದಿಯ ಊರು ಕ್ರಮೇಣ ಬನಿಯನಿನ ಊರಾಯಿತು. 1970ರ ದಶಕದ ಕೊನೆಯಿಂದ ಯುರೋಪಿನ ವ್ಯಾಪಾರಿಗಳು ಬಂದರು. ಬಿಳಿಯ ಬನಿಯನಿನ ಜಾಗದಲ್ಲಿ ಬಣ್ಣದ ಅಂಗಿ ಬಂದಿತು. ಇಂದು ಭಾರತದಿಂದ ಹೊರದೇಶಗಳಿಗೆ ಹೋಗುವ ಹೆಣಿಗೆಯ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಊರಿನದು. ಲಕ್ಷಾಂತರ ಜನರಿಗೆ ಅದು ಅನ್ನ ಕೊಟ್ಟಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ಬೆಟ್ಟದ ಎಷ್ಟೋ ಮನೆಗಳ ಒಲೆ ಉರಿದದ್ದು ತಿರುಪ್ಪೂರಿನಿಂದ ಬಂದ ಹಣದಿಂದಲೇ. ಆದುದರಿಂದ ಆ ಊರನ್ನು ಸುಮ್ಮನೆ ಶಪಿಸುವ ಅಧಿಕಾರ ನಮಗಾರಿಗೂ ಇಲ್ಲ.

ಆದರೆ ಬಿಳಿಯ ಬನಿಯನಿಗೂ ಬಣ್ಣದ ಅಂಗಿಗೂ ನಡುವೆ ಒಂದು ಹೊಳೆಯ ಪ್ರಾಣವಿದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಬಣ್ಣ ಹಾಕುವುದೆಂದರೆ ನೀರಿಗೆ ಪುಡಿ ಕದಡಿ ಬಟ್ಟೆ ಅದ್ದುವುದು ಎಂದು ನಾವೆಲ್ಲ ತಿಳಿದಿರುತ್ತೇವೆ. ನಮ್ಮ ಶಾಲೆಯ ರಸಾಯನಶಾಸ್ತ್ರದ ಅಧ್ಯಾಪಕರು ಒಂದು ಮಧ್ಯಾಹ್ನ ಇದನ್ನು ನಮಗೆ ಬಿಡಿಸಿ ಹೇಳಿದರು. ಹತ್ತಿಯ ಎಳೆಯೂ ಈ ಕಾಲದ ಬಣ್ಣದ ಕಣವೂ ನೀರಿನಲ್ಲಿ ಒಂದೇ ಬಗೆಯ ವಿದ್ಯುದಂಶವನ್ನು ತಳೆದು, ಮನಸ್ತಾಪವಿರುವ ದಾಯಾದಿಗಳಂತೆ ಒಂದನ್ನೊಂದು ದೂರ ತಳ್ಳುತ್ತವೆಯಂತೆ. ಅವೆರಡನ್ನೂ ಒಟ್ಟುಗೂಡಿಸಲು ಮಧ್ಯಸ್ಥನೊಬ್ಬನು ಬೇಕು. ಆ ಮಧ್ಯಸ್ಥನೇ ಉಪ್ಪು. ದಟ್ಟವಾದ ಬಣ್ಣಕ್ಕೆ ಲೀಟರ್ ನೀರಿಗೆ 50 ಗ್ರಾಮಿಗಿಂತಲೂ ಹೆಚ್ಚು ಉಪ್ಪು ಬೇಕಾಗುತ್ತದೆ. ಸಮುದ್ರದ ನೀರಿನಲ್ಲಿಯೇ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ ಎಂಬುದನ್ನು ನೆನೆದರೆ, ಬಣ್ಣದ ತೊಟ್ಟಿಯು ಕಡಲಿಗಿಂತ ಉಪ್ಪು ಎಂದಾಯಿತು. ಕೆಲಸ ಮುಗಿದ ಮೇಲೆ ಬಣ್ಣದ ಬಹುಭಾಗ ಬಟ್ಟೆಗೆ ಹೋಗುತ್ತದೆ, ಉಳಿದುದು ನೀರಿನಲ್ಲಿ ನಿಲ್ಲುತ್ತದೆ. ಉಪ್ಪಾದರೋ ಬಟ್ಟೆಗೆ ಹೋಗುವುದೇ ಇಲ್ಲ. ಮಧ್ಯಸ್ಥಿಕೆ ಮಾಡಿ ಹಾಗೆಯೇ ಹೊರಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊಳೆ ಕೆಂಪಗೆ, ನೀಲಿಯಾಗಿ ಹರಿದಾಗ ಜನ ಬೆಚ್ಚಿ ಕೂಗಿದರು. ಕಾರ್ಖಾನೆಗಳು ಸೇರಿ ನೀರನ್ನು ಶುದ್ಧಿ ಮಾಡುವ ಸಾಮುದಾಯಿಕ ಸ್ಥಾವರಗಳನ್ನು ಕಟ್ಟಿದುವು; ಸುಣ್ಣ ಮೊದಲಾದವುಗಳನ್ನು ಬೆರೆಸಿ ಬಣ್ಣವನ್ನು ತಳಕ್ಕಿಳಿಸಿದರು. ನೀರು ತಿಳಿಯಾಗಿ ಕಂಡಿತು. ಆದರೆ ಕರಗಿದ ಉಪ್ಪು ಸುಣ್ಣಕ್ಕೂ ಸೋಸುವ ಮರಳಿಗೂ ಸಿಕ್ಕುವುದಲ್ಲ. ಕಣ್ಣಿಗೆ ತಿಳಿಯಾದ ನೀರು ಬೇರಿಗೆ ವಿಷವಾಗಿಯೇ ಉಳಿಯಿತು. ತೆಂಗು ಸೊರಗಿತು, ಬಾವಿ ಕಟುವಾಯಿತು. ಬಣ್ಣ ಹೋದರೆ ದೋಷವೂ ಹೋಯಿತೆಂದು ನಂಬುವ ಸ್ವಭಾವ ಹೊಳೆಯ ವಿಷಯದಲ್ಲಿ ಮಾತ್ರ ನಮಗಿರುವುದಲ್ಲ, ಅದಿರಲಿ.

ಚೆನ್ನಿಮಲೈಯ ಬಳಿ ಒರತ್ತುಪ್ಪಾಳೆಯಂ ಎಂಬಲ್ಲಿ 1992ರಲ್ಲಿ ಈ ನೊಯ್ಯಲಿಗೆ ಒಂದು ಅಣೆಕಟ್ಟನ್ನು ಕಟ್ಟಿದರು. ಸಾವಿರಾರು ಎಕರೆ ಒಣಭೂಮಿಗೆ ನೀರುಣಿಸುವುದು ಅದರ ಉದ್ದೇಶ. ಅಣೆಕಟ್ಟಿನ ಹಿಂದೆ ಬಂದು ನಿಂತುದು ಮಳೆಯ ನೀರಲ್ಲ, ಮೇಲಿನ ಊರಿನ ಬಣ್ಣದ ತೊಟ್ಟಿಗಳ ನೀರು. ಕೆಲವೇ ವರ್ಷಗಳಲ್ಲಿ, ನಮಗೆ ನೀರು ಬಿಡಿ ಎಂದು ಕೇಳಬೇಕಾಗಿದ್ದ ರೈತರು, ದಯವಿಟ್ಟು ಇಲ್ಲಿ ನೀರನ್ನು ನಿಲ್ಲಿಸಬೇಡಿ ಎಂದು ಕೇಳುವಂತಾಯಿತು. ಅಣೆಕಟ್ಟಿನ ಚರಿತ್ರೆಯಲ್ಲಿ ಇಂಥ ಬೇಡಿಕೆ ಮತ್ತೆಲ್ಲಿಯಾದರೂ ಕೇಳಿಬಂದಿದ್ದರೆ ಬಲ್ಲವರು ತಿಳಿಸಬೇಕು.

ರೈತರು ಸುಮ್ಮನಿರಲಿಲ್ಲ. ನೊಯ್ಯಲ್ ಆಯಕಟ್ಟುದಾರರ ರಕ್ಷಣಾ ಸಂಘವು ಮದರಾಸು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಡಿಸಿದವನೇ ತೆರಬೇಕು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲಿಯೇ ಎತ್ತಿಹಿಡಿದಿತ್ತು. 2006ರಲ್ಲಿ ಉಚ್ಚ ನ್ಯಾಯಾಲಯವು, ಹೊರಗೆ ಒಂದು ಹನಿ ಕೊಳೆನೀರೂ ಹರಿಯಬಾರದು, ಎಲ್ಲವನ್ನೂ ಶುದ್ಧಿಮಾಡಿ ಮರಳಿ ಬಳಸಬೇಕು ಎಂದು ತೀರ್ಪಿತ್ತಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಒಪ್ಪಿತು. ಆದರೂ ಕೆಲಸ ಸರಿಯಾಗಿ ಆಗಲಿಲ್ಲವಾಗಿ, 2011ರ ಜನವರಿ 28ರಂದು ಬಣ್ಣದ ಕಾರ್ಖಾನೆಗಳನ್ನೆಲ್ಲ ಮುಚ್ಚಬೇಕೆಂದು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ನೂರಾರು ಕಾರ್ಖಾನೆಗಳು ಒಮ್ಮೆಗೇ ನಿಂತುವು. ಆ ವರ್ಷ ತಿರುಪ್ಪೂರಿನಿಂದ ಗಂಟುಮೂಟೆಯೊಡನೆ ಘಟ್ಟ ಹತ್ತಿ ಬಂದ ನಮ್ಮ ಊರಿನ ಹುಡುಗರು ಇಲ್ಲಿಯೇ ಬಸ್ಸುನಿಲ್ದಾಣದಲ್ಲಿ ಇಳಿದುದನ್ನು ನಾವು ಕಂಡಿದ್ದೇವೆ. ಹೊಳೆಗೆ ನ್ಯಾಯ ಸಿಕ್ಕಿದ ದಿನ ಅವರಿಗೆ ಕೂಲಿ ತಪ್ಪಿತು. ಎರಡೂ ನಿಜ. ಇವೆರಡರಲ್ಲಿ ಒಂದನ್ನು ಮಾತ್ರ ಹೇಳುವ ಭಾಷಣಕಾರರನ್ನು ನಂಬಬೇಡಿರೆಂದು ನಮ್ಮ ಬಿನ್ನಹ.

ಅನಂತರ ಕಾರ್ಖಾನೆಗಳು ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಒತ್ತಿ ಉಪ್ಪನ್ನು ಬೇರ್ಪಡಿಸುವ ಯಂತ್ರಗಳನ್ನೂ, ಉಳಿದ ಉಪ್ಪುನೀರನ್ನು ಕುದಿಸಿ ಆವಿ ಮಾಡುವ ಯಂತ್ರಗಳನ್ನೂ ಸ್ಥಾಪಿಸಿದುವು. ಬಳಸಿದ ನೀರಿನ ಬಹುಭಾಗವನ್ನು ಈಗ ಮರಳಿ ಪಡೆಯುತ್ತಾರೆ. ಒಂದು ಊರಿನ ಕೈಗಾರಿಕೆಯೇ ಈ ಪ್ರಮಾಣದಲ್ಲಿ ತನ್ನ ನಡೆಯನ್ನು ತಿದ್ದಿಕೊಂಡದ್ದು ಸಣ್ಣ ಸಾಧನೆಯಲ್ಲ. ನ್ಯಾಯಾಲಯದ ಕೋಲಿಲ್ಲದೆ ತಿದ್ದಿಕೊಳ್ಳುತ್ತಿತ್ತೇ ಎಂಬುದು ಬೇರೆಯ ಪ್ರಶ್ನೆ. ಆದರೆ ಕುದಿಸಲು ಸೌದೆಯೂ ವಿದ್ಯುತ್ತೂ ಬೇಕು. ಕೊನೆಗೆ ಉಳಿಯುವ ಮಿಶ್ರ ಉಪ್ಪನ್ನೂ ಕೆಸರನ್ನೂ ಎಲ್ಲಾದರೂ ಇಡಬೇಕು. ಇದಕ್ಕೆಲ್ಲ ತಗಲುವ ವೆಚ್ಚವನ್ನು ಅಂಗಿಯನ್ನು ಕೊಳ್ಳುವ ಹೊರದೇಶದ ಕಂಪೆನಿಗಳು ತಮ್ಮ ಬೆಲೆಯಲ್ಲಿ ಸೇರಿಸಿ ಕೊಡುವುದಿಲ್ಲವೆಂಬುದು ತಿರುಪ್ಪೂರಿನ ಉತ್ಪಾದಕರ ಹಳೆಯ ದೂರು. ಆ ದೂರಿನಲ್ಲಿ ಸತ್ಯವಿದೆ. ಇಲ್ಲಿ ಮಾಡುವುದಿಲ್ಲವಾದರೆ ಬೇರೊಂದು ದೇಶದಲ್ಲಿ ಮಾಡಿಸುತ್ತೇವೆ ಎಂಬ ಮಾತು ಕೊಳ್ಳುವವನ ಕೈಯಲ್ಲಿ ಯಾವಾಗಲೂ ಇರುತ್ತದೆ.

ಹೀಗೆ ನೀರಿನಿಂದ ಉಳಿಸಲಾಗದ ಕಾಸನ್ನು ಎಲ್ಲಿಂದ ಉಳಿಸುವುದು? ಕೂಲಿಯಿಂದ. ಈ ಮಾತಿಗೆ ಬರುವಾಗ ನಮ್ಮ ಬಾಯಿ ಒಣಗುತ್ತದೆ, ಏಕೆಂದರೆ ಇಲ್ಲಿ ನಮ್ಮ ಪಾಲೂ ಇದೆ.

ಸುಮಂಗಲಿ ಎಂಬ ಶಬ್ದವನ್ನು ತರಗತಿಯಲ್ಲಿ ವಿಗ್ರಹವಾಕ್ಯ ಮಾಡಿ ಬೋಧಿಸುವವರು ನಾವು. ಆ ಪವಿತ್ರ ಶಬ್ದವು ಕೊಯಮತ್ತೂರು, ದಿಂಡಿಗಲ್ ಸುತ್ತಿನ ನೂಲಿನ ಗಿರಣಿಗಳಲ್ಲಿ ಒಂದು ಯೋಜನೆಯ ಹೆಸರಾಯಿತು. ಬಡವರ ಮನೆಯ ಹೆಣ್ಣುಮಕ್ಕಳು ಮೂರು ವರ್ಷ ಗಿರಣಿಯ ಆವರಣದೊಳಗಿನ ವಸತಿಯಲ್ಲಿದ್ದು ದುಡಿಯಬೇಕು, ದಿನಗೂಲಿ ಅಲ್ಪ, ಅವಧಿ ತುಂಬಿದ ಮೇಲೆ ಮದುವೆಯ ವೆಚ್ಚಕ್ಕೆಂದು ಒಟ್ಟು ಮೊತ್ತವೊಂದು ಕೈಗೆ ಬರುತ್ತದೆ. ವರದಕ್ಷಿಣೆಗೆ ಹೆದರಿದ ತಂದೆತಾಯಿಗಳಿಗೆ ಇದಕ್ಕಿಂತ ಹಿತವಾದ ಮಾತು ಯಾವುದು? ಆ ಒಟ್ಟು ಮೊತ್ತವು ದಾನವಲ್ಲ, ಆಕೆಯ ಕೂಲಿಯಿಂದಲೇ ಹಿಡಿದಿಟ್ಟ ಹಣವೆಂಬುದು ಎಷ್ಟು ಜನರಿಗೆ ತಿಳಿದಿತ್ತು? 2011ರಲ್ಲಿ ಡಚ್ ಸಂಶೋಧನಾ ಸಂಸ್ಥೆಗಳೆರಡು ಈ ಪದ್ಧತಿಯನ್ನು ಕುರಿತು ವರದಿಯೊಂದನ್ನು ಪ್ರಕಟಿಸಿ, ಈ ನೂಲು ಯಾವ ಯಾವ ದೊಡ್ಡ ಕಂಪೆನಿಗಳ ಉಡುಪಾಗುತ್ತದೆ ಎಂಬುದನ್ನು ಬಯಲಿಗಿಟ್ಟಾಗ ಹೊರಜಗತ್ತು ಬೆಚ್ಚಿತು.

ನಾವು ಬೆಚ್ಚಿದುದು ಅದರ ಮುಂದಿನ ವರ್ಷ. 2012ರ ಬೇಸಿಗೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದಳು. ಹಳಗನ್ನಡದ ಪದ್ಯವನ್ನು ಆಕೆಯಷ್ಟು ಸ್ಪಷ್ಟವಾಗಿ ಓದುವವರು ಆ ಮೇಲೆ ನಮ್ಮ ತರಗತಿಗೆ ಬಂದಿಲ್ಲ. ಒಂದು ಸಂಜೆ ಆಕೆಯ ತಂದೆ ಮನೆಗೆ ಬಂದರು, ಜೊತೆಗೆ ಮಧ್ಯವರ್ತಿಯೊಬ್ಬ. ಗಿರಣಿಯ ಕರಾರುಪತ್ರ ತಮಿಳಿನಲ್ಲಿತ್ತು. ತಂದೆಯು ಕನ್ನಡವನ್ನು ಮಾತ್ರ ಓದಬಲ್ಲವರು. "ಮೇಷ್ಟ್ರೇ, ಏನು ಬರೆದಿದೆ ನೋಡಿ ಹೇಳಿ, ನೀವು ಹೇಳಿದರೆ ಬೆರಳೊತ್ತುತ್ತೇನೆ" ಎಂದರು. ನಾವು ಓದಿದೆವು. ಊಟ, ವಸತಿ, ವಾರಕ್ಕೊಂದು ರಜೆ ಎಂದಿತ್ತು. ಅವಧಿ ಪೂರ್ಣವಾದರೆ ಮಾತ್ರ ಒಟ್ಟು ಮೊತ್ತ ಸಲ್ಲುತ್ತದೆ ಎಂಬ ಸಾಲೂ ಇತ್ತು. ದಿನಗೂಲಿಯ ಅಂಕಿ ಇರಬೇಕಾದ ಕಡೆ ಖಾಲಿ ಬಿಟ್ಟಿತ್ತು. ನಮಗೆ ಅಂದು ಬೇರೆ ಕೆಲಸವಿತ್ತು; ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. "ತೊಂದರೆಯೇನೂ ಕಾಣುವುದಿಲ್ಲ" ಎಂದೆವು. ಅವರು ಬೆರಳೊತ್ತಿದರು.

ಎರಡು ವರ್ಷ ಏಳು ತಿಂಗಳಾದ ಮೇಲೆ ಆಕೆ ಮರಳಿದಳು. ಹತ್ತಿಯ ಧೂಳಿನಿಂದ ಕೆಮ್ಮು ಹಿಡಿದು ರಾತ್ರಿ ಪಾಳಿಗೆ ನಿಲ್ಲಲಾರದಾಗಿದ್ದಳು. ಅವಧಿ ತುಂಬಲಿಲ್ಲವೆಂಬ ಕಾರಣದಿಂದ ಒಟ್ಟು ಮೊತ್ತ ಬರಲಿಲ್ಲ. ತಂದೆ ಮತ್ತೆ ನಮ್ಮ ಮನೆಗೆ ಬಂದು ಅದೇ ಕಾಗದವನ್ನು ಮೇಜಿನ ಮೇಲಿಟ್ಟು, ಈಗೊಮ್ಮೆ ಓದಿ ಎಂದರು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾವು ಆ ಕಾಗದವನ್ನು ಎರಡನೆಯ ಸಲ ಓದಿದಾಗ, ಮೊದಲ ಸಲ ಕಂಡೂ ಕಾಣದಂತೆ ದಾಟಿದ ಆ ಖಾಲಿ ಜಾಗ ನಮ್ಮನ್ನೇ ನೋಡುತ್ತಿತ್ತು. ಗಿರಣಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಂದು ಆ ಮೇಜಿನ ಬಳಿ ಓದುಬರಹ ಬಲ್ಲವರೆಂದು ಕುಳಿತಿದ್ದವರು ನಾವು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಾವು ಆ ಮೇಲೆ ತರಗತಿಯಲ್ಲಿ ಹೇಳಿಕೊಡುವಾಗ ಪ್ರತಿ ಸಲವೂ ಸ್ವರ ತಗ್ಗುತ್ತದೆ.

ಗಡಿನಾಡಿನವರ ಭಾಷೆಯ ಸಮಸ್ಯೆ ಎಂದು ನಾವು ವೇದಿಕೆಗಳಲ್ಲಿ ಹೇಳುವುದೆಲ್ಲ ಫಲಕಗಳ, ಪಠ್ಯಪುಸ್ತಕಗಳ ವಿಷಯ. ಓದಲಾಗದ ಭಾಷೆಯ ಕರಾರಿಗೆ ಬೆರಳೊತ್ತುವ ಸಮಸ್ಯೆಯನ್ನು ಯಾವ ನಿರ್ಣಯದಲ್ಲಿಯೂ ಸೇರಿಸಿದ್ದಿಲ್ಲ. ತಮಿಳನ್ನು ದೂರುವ ಮಾತು ಇದಲ್ಲ. ಗಿರಣಿಗೆ ಹೋಗುವ ಒಡಿಯಾ, ಹಿಂದಿ ಮಾತಿನ ಮಕ್ಕಳ ಪಾಡೂ ಅಷ್ಟೇ.

ಈಗ ದೂರದ ಒಂದು ಊರಿಗೆ ತಮ್ಮನ್ನು ಕರೆದೊಯ್ಯುತ್ತೇವೆ. ಢಾಕಾ ನಗರದ ಹೊರಗೆ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಕೆಳಗೆ ಬ್ಯಾಂಕು, ಅಂಗಡಿಗಳು. ಮೇಲೆ ಐದು ಉಡುಪಿನ ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಗೋಡೆಗಳಲ್ಲಿ ದೊಡ್ಡ ಬಿರುಕುಗಳು ಕಾಣಿಸಿಕೊಂಡುವು. ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳುಹಿಸಿದರು. ಹೊಲಿಗೆಯವರನ್ನು ಮಾತ್ರ ಮರುದಿನ ಬೆಳಗ್ಗೆ ಒಳಗೆ ಕರೆದರು. ಹೊರದೇಶದ ಸರಕಿಗೆ ಗಡುವಿತ್ತು. ಬೆಳಗಿನ ಒಂಬತ್ತು ಗಂಟೆಯ ಸುಮಾರಿಗೆ ಕಟ್ಟಡ ಕುಸಿಯಿತು. 1,134 ಜನ ಸತ್ತರು, ಸುಮಾರು ಎರಡೂವರೆ ಸಾವಿರ ಜನ ಗಾಯಗೊಂಡರು. ಸತ್ತವರಲ್ಲಿ ಬಹುಪಾಲು ಹೆಣ್ಣುಮಕ್ಕಳು.

ಆಮೇಲೆ ನಡೆದುದನ್ನು ಗಮನಿಸಿ. ತಮ್ಮ ಬಟ್ಟೆ ಅಲ್ಲಿ ಹೊಲಿಯಲಾಗುತ್ತಿತ್ತೆಂದು ಒಪ್ಪಿಕೊಳ್ಳಲು ಹಲವು ಕಂಪೆನಿಗಳು ಹಿಂಜರಿದುವು. ಕಂಪೆನಿ ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿರುತ್ತದೆ, ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬನು ಮತ್ತೊಬ್ಬನಿಗೆ. ಕಾರ್ಮಿಕರ ಪರವಾದ ಕಾರ್ಯಕರ್ತರು ಮಣ್ಣಿನ ರಾಶಿಯಲ್ಲಿ ಕೈಯಾಡಿಸಿ ಅಂಗಿಗಳ ಕೊರಳಿನ ಚೀಟಿಗಳನ್ನು ಹೆಕ್ಕಿ ತೆಗೆದರು. ಅಂಗಿಯ ಕೊರಳಲ್ಲಿ ಚುಚ್ಚುತ್ತದೆಂದು ನಾವು ಕತ್ತರಿಸಿ ಎಸೆಯುವ ಆ ಚೀಟಿಯೇ ಸಾಕ್ಷಿಯಾಯಿತು. ಮುಂದಿನ ತಿಂಗಳೇ ಕಂಪೆನಿಗಳಿಗೂ ಕಾರ್ಮಿಕ ಸಂಘಗಳಿಗೂ ನಡುವೆ ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಒಪ್ಪಂದವಾಯಿತು. ಇನ್ನೂರಕ್ಕೂ ಹೆಚ್ಚು ಕಂಪೆನಿಗಳು ಕಾಲಕ್ರಮದಲ್ಲಿ ಸಹಿ ಹಾಕಿದುವು. ಈ ಒಪ್ಪಂದದ ವೈಶಿಷ್ಟ್ಯವೆಂದರೆ ಇದು ಸದಿಚ್ಛೆಯ ಘೋಷಣೆಯಾಗಿರಲಿಲ್ಲ. ಮುರಿದವರನ್ನು ಕಾನೂನಿನ ಮುಂದೆ ನಿಲ್ಲಿಸಬಹುದಾಗಿತ್ತು. ತಪಾಸಣೆ ಮಾಡುವವರು ಕಾರ್ಖಾನೆಯ ಸಂಬಳದವರಾಗಿರಲಿಲ್ಲ. 2023ರಲ್ಲಿ ಇದೇ ಏರ್ಪಾಡು ಪಾಕಿಸ್ತಾನಕ್ಕೂ ವಿಸ್ತರಿಸಿತು.

ನಮ್ಮ ತಮಿಳುನಾಡಿನಲ್ಲಿಯೂ ಇಂಥದೊಂದು ನಡೆದಿದೆ. ದಿಂಡಿಗಲ್ ಬಳಿಯ ಉಡುಪಿನ ಕಾರ್ಖಾನೆಯೊಂದರ ತರುಣಿ 2021ರ ಜನವರಿಯಲ್ಲಿ ತನ್ನ ಮೇಲ್ವಿಚಾರಕನಿಂದ ಕೊಲೆಯಾದಳು. ಆ ಬಳಿಕ, ಬಹುಮಟ್ಟಿಗೆ ದಲಿತ ಹೆಣ್ಣುಮಕ್ಕಳೇ ನಡೆಸುವ ಕಾರ್ಮಿಕ ಸಂಘವೊಂದು ಪಟ್ಟುಹಿಡಿದು, 2022ರಲ್ಲಿ ಕಾರ್ಖಾನೆಯ ಒಡೆಯರೊಡನೆಯೂ ಕೊಳ್ಳುವ ವಿದೇಶೀ ಕಂಪೆನಿಯೊಡನೆಯೂ ಒಪ್ಪಂದವನ್ನು ಮಾಡಿಕೊಂಡಿತು. ಅದನ್ನು ದಿಂಡಿಗಲ್ ಒಪ್ಪಂದವೆಂದೇ ಕರೆಯುತ್ತಾರೆ. ಕಿರುಕುಳವಾದರೆ ದೂರು ಕೊಡಲು ತಮ್ಮವರೇ ಆದ ಪ್ರತಿನಿಧಿಗಳು ಪ್ರತಿ ಸಾಲಿನಲ್ಲಿಯೂ ಇರಬೇಕು ಎಂಬುದು ಅದರ ತಿರುಳು. ಅತ್ತ ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯುವುದಕ್ಕೆ ಸರಕಾರ ಹೊಸ ನಿರ್ಬಂಧ ಹಾಕಿದಾಗ, ಯಾವ ನಾಯಕನ ಕರೆಯೂ ಇಲ್ಲದೆ ಸಹಸ್ರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಸರಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಅಕ್ಷರ ಕಡಿಮೆಯೆಂದು ನಾವು ತಿಳಿದವರು ತಮ್ಮ ಪಾಸುಪುಸ್ತಕವನ್ನು ನಮಗಿಂತ ಚೆನ್ನಾಗಿ ಓದಿದ್ದರು.

ಪಶ್ಚಿಮ ದೇಶಗಳೂ ಕಾನೂನು ಮಾಡತೊಡಗಿವೆ. ತನ್ನ ಕಂಪೆನಿಗಳು ಎಲ್ಲೇ ಮಾಡಿಸಲಿ, ಅಲ್ಲಿನ ಕೆಲಸಗಾರರ ಸ್ಥಿತಿಗೆ ಹೊಣೆಯಾಗಬೇಕೆಂಬ ಜರ್ಮನಿಯ ಕಾನೂನು 2023ರಲ್ಲಿ ಜಾರಿಗೆ ಬಂದಿತು. ಐರೋಪ್ಯ ಒಕ್ಕೂಟವು 2024ರಲ್ಲಿ ಇನ್ನೂ ವಿಸ್ತಾರವಾದುದನ್ನು ಅಂಗೀಕರಿಸಿ, ಮರುವರ್ಷವೇ ಅದರ ಗಡುವನ್ನು ಮುಂದಕ್ಕೆ ಹಾಕಿತು. ಹೊಣೆ ಹೊರುವಾಗ ಹೆಗಲು ಬದಲಾಯಿಸುವುದು ಎಲ್ಲ ಖಂಡಗಳಲ್ಲಿಯೂ ಇದ್ದದ್ದೇ.

ಇದೆಲ್ಲ ಇತ್ತೀಚಿನ ವಿಚಾರವೆಂದು ಹೇಳುವವರಿದ್ದಾರೆ. ಹಾಗಲ್ಲ. 1925ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕಾ ಸಂಘವು ಹತ್ತು ವರ್ಷ ಖಾದಿಯನ್ನು ಆದಷ್ಟು ಅಗ್ಗವಾಗಿ ಮಾರುವ ಪ್ರಯತ್ನದಲ್ಲಿತ್ತು. ಅಗ್ಗವಾದರೆ ತಾನೆ ಜನ ಕೊಳ್ಳುವುದು? 1935ರಲ್ಲಿ ಗಾಂಧಿಯವರು ಆ ನೀತಿಯನ್ನು ತಿರುಗಿಸಿ ಹಾಕಿದರು. ನೂಲುವ ಹೆಂಗಸಿಗೆ ದಿನಕ್ಕೆ ಕೆಲವು ಕಾಸು ಕೊಟ್ಟು ಅದನ್ನು ಧರ್ಮವೆಂದು ಕರೆಯುವುದು ಅವರಿಗೆ ಸಹಿಸದಾಯಿತು. ಎಂಟು ಗಂಟೆಯ ದುಡಿಮೆಗೆ ಎಂಟಾಣೆ ಸಿಗಬೇಕೆಂಬುದು ಅವರ ಆಸೆ. ಸಂಘವು ಅಷ್ಟು ಎತ್ತರಕ್ಕೆ ಏರಲಾರದೆ ಹೋದರೂ, ಬದುಕಲು ಸಾಕಾಗುವ ಕನಿಷ್ಠ ಕೂಲಿಯನ್ನು ಕೊಡಲೇಬೇಕೆಂಬ ತತ್ತ್ವವನ್ನು ಒಪ್ಪಿ ದರವನ್ನು ಏರಿಸಿತು. ಖಾದಿಯ ಬೆಲೆಯೂ ಏರಿತು. ವ್ಯಾಪಾರ ಕುಗ್ಗೀತೆಂದು ಸಂಘದೊಳಗೆ ಅಂಜಿದವರಿದ್ದರು. ಆ ಕಾಲದಲ್ಲಿ ತಿರುಪ್ಪೂರು ಖಾದಿಯ ಊರು ಎಂಬುದನ್ನು ಮರೆಯಬೇಡಿ. ಈ ಚರ್ಚೆ ಅದೇ ಬೀದಿಗಳಲ್ಲಿ ತೊಂಬತ್ತು ವರ್ಷಗಳ ಹಿಂದೆ ಒಮ್ಮೆ ನಡೆದುಹೋಗಿದೆ.

ಕಾರ್ಯದರ್ಶಿಗಳಿಗೆ ಕೊಟ್ಟ ಮಾತಿನಂತೆ ವಚನಕಾರನೊಬ್ಬನ ಬಳಿಗೂ ಬರುತ್ತೇವೆ. ಜೇಡರ ದಾಸಿಮಯ್ಯನು ನೇಕಾರ. ಆತನು ಶ್ರಮಪಟ್ಟು ನೇದ ದಿವ್ಯವಸ್ತ್ರವನ್ನು ಮುದಿ ಜಂಗಮನಾಗಿ ಬಂದ ಶಿವನು ಪಡೆದು, ಕಣ್ಣೆದುರಿಗೇ ಹರಿದು ಚಿಂದಿ ಮಾಡಿದನೆಂದೂ, ದಾಸಿಮಯ್ಯನು ಮುನಿಯದಿದ್ದುದಕ್ಕೆ ಮೆಚ್ಚಿ ತವನಿಧಿಯನ್ನು ಕೊಟ್ಟನೆಂದೂ ಪುರಾಣ ಹೇಳುತ್ತದೆ. ಈ ಕಥೆಯನ್ನು ನಾವು ಬಹುಕಾಲ ಭಕ್ತನ ಸಹನೆಯ ದೃಷ್ಟಾಂತವೆಂದು ಬೋಧಿಸುತ್ತಿದ್ದೆವು. ಈಚೆಗೆ ಬೇರೊಂದು ಸಂಗತಿ ಕಾಣುತ್ತಿದೆ. ಆ ಕಥೆಯಲ್ಲಿ ಬಟ್ಟೆಯನ್ನು ನೇದವನೂ ತೊಡುವವನೂ ಎದುರೆದುರಿಗೆ ನಿಂತಿದ್ದಾರೆ. ಹರಿದವನು ನೇದವನ ಮುಖವನ್ನು ನೋಡಿಕೊಂಡೇ ಹರಿಯಬೇಕಾಯಿತು. ಇಂದು ಮೂರು ಸಲ ತೊಟ್ಟು ಮೂಲೆಗೆಸೆಯುವ ಅಂಗಿಯ ವಿಷಯದಲ್ಲಿ ನಮಗೆ ಆ ಕಷ್ಟವಿಲ್ಲ. ಎಸೆದ ಅಂಗಿಯಾದರೂ ಮಣ್ಣಿಗೆ ಸೇರುವುದೆಂದರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ನಮ್ಮ ಅಜ್ಜಿಯರ ಕೌದಿಯ ಕಾಲದಲ್ಲಿ ಹಳೆಯ ಸೀರೆಗೆ ಎರಡನೆಯ ಜನ್ಮ ಮನೆಯಲ್ಲಿಯೇ ಸಿಕ್ಕುತ್ತಿತ್ತು.

ಕೊನೆಯದಾಗಿ ಸಂಘದ ಒಳಗಿನ ಮಾತು. ಹೋದ ವರ್ಷದ ಉತ್ಸವಕ್ಕೆ ಇಪ್ಪತ್ತೈದು ಶಾಲುಗಳನ್ನೂ ಸ್ವಯಂಸೇವಕರಿಗೆ ಅರಿಸಿನ ಕುಂಕುಮ ಬಣ್ಣದ ಅಂಗಿಗಳನ್ನೂ ಕೊಳ್ಳಲು ಸಮಿತಿಯು ನಮ್ಮನ್ನೇ ಕಳುಹಿಸಿತ್ತು. ಚೌಕಾಸಿಯಲ್ಲಿ ನಮಗೆ ಒಂದಿಷ್ಟು ಹೆಸರಿದೆ. ಅಂಗಿಯೊಂದಕ್ಕೆ ಒಂಬತ್ತು ರೂಪಾಯಿ ಇಳಿಸಿ ತಂದೆವು. ಸಭೆಯಲ್ಲಿ ಚಪ್ಪಾಳೆಯೂ ಆಯಿತು. ಆ ಒಂಬತ್ತು ರೂಪಾಯಿ ಯಾರ ಕೈಯಿಂದ ಬಂದಿತೆಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಅಂಗಿಯ ಕುಂಕುಮ ಬಣ್ಣವು ಎರಡನೆಯ ಒಗೆತಕ್ಕೆ ಅರಿಸಿನದ ಮೇಲೆ ಹರಡಿದುದನ್ನು ತಾವೆಲ್ಲ ನೋಡಿದ್ದೀರಿ.

ಈ ವರ್ಷ ಸಮಿತಿಯು ಸ್ವಯಂಸೇವಕರಿಗೆ ಅಂಗಿ ಬೇಡ, ಹೋದ ವರ್ಷದ್ದನ್ನೇ ತೊಡಲಿ ಎಂದು ತೀರ್ಮಾನಿಸಿತು. ಬಣ್ಣ ಹರಡಿದ ಅಂಗಿಗಳಲ್ಲಿ ಅವರು ಓಡಾಡುತ್ತಿರುವುದು ಅದರಿಂದಲೇ. ಶಾಲುಗಳನ್ನು ಚೆನ್ನಿಮಲೈಯ ಕೈಮಗ್ಗದ ಸಹಕಾರಿ ಸಂಘದಿಂದ, ಅವರು ಹೇಳಿದ ಬೆಲೆಗೆ ತಂದಿದ್ದೇವೆ. ಆ ಬೆಲೆಗೆ ನಮ್ಮ ಹಣ ಒಂಬತ್ತು ಶಾಲುಗಳಿಗೆ ಸಾಕಾಯಿತು. ಕೈಮಗ್ಗದ ನೂಲೂ ಗಿರಣಿಯಿಂದಲೇ ಬರುವುದೆಂದು ತಿಳಿದವರು ಆಕ್ಷೇಪಿಸಬಹುದು. ಒಪ್ಪುತ್ತೇವೆ. ನಾವು ಶುದ್ಧರಾದೆವೆಂದು ಹೇಳಿಕೊಳ್ಳುತ್ತಿಲ್ಲ. ನೇದವನ ಮುಖವನ್ನಾದರೂ ನೋಡಿ ಬಂದೆವು ಎಂದಷ್ಟೇ. ಶಾಲು ದೊರೆಯದ ಹದಿನಾರು ಮಂದಿ ಹಿರಿಯರಿಗೆ ಪುಸ್ತಕಗಳನ್ನು ಕೊಡಲಾಗುವುದು. ಕೋಪವಿದ್ದರೆ ನಮ್ಮ ಮೇಲೆ ತೀರಿಸಿಕೊಳ್ಳಬಹುದು.

ಇನ್ನೊಂದು ಸಣ್ಣ ಏರ್ಪಾಡು. ಜೂನ್ ತಿಂಗಳಿನಿಂದ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದಲ್ಲಿ, ಗಿರಣಿಗೋ ಗಾರ್ಮೆಂಟ್ಸಿಗೋ ಹೋಗುವ ಮಕ್ಕಳ ಕಾಗದಪತ್ರಗಳನ್ನು ತಮಿಳಿನಿಂದಲೂ ಇಂಗ್ಲಿಷಿನಿಂದಲೂ ಕನ್ನಡಕ್ಕೆ ಓದಿ ಹೇಳುತ್ತಿದ್ದೇವೆ. ದಿನಗೂಲಿ ಎಷ್ಟು, ಭವಿಷ್ಯನಿಧಿಯ ಸಂಖ್ಯೆ ಕೊಡುತ್ತಾರೆಯೇ, ವಿಮಾ ಆಸ್ಪತ್ರೆಯ ಚೀಟಿ ಉಂಟೇ, ಕೂಲಿ ಯಾರ ಹೆಸರಿನ ಖಾತೆಗೆ ಬರುತ್ತದೆ, ರಾತ್ರಿ ಪಾಳಿ ಉಂಟೇ, ಹೊರಗೆ ಹೋಗಲು ಯಾರ ಅನುಮತಿ ಬೇಕು, ಮನೆಗೆ ಫೋನು ಮಾಡಬಹುದೇ, ನಡುವೆ ಬಿಟ್ಟುಬಂದರೆ ದುಡಿದಷ್ಟರ ಹಣ ಕೊಡುತ್ತಾರೆಯೇ ಎಂದು ಕೇಳಿಸುತ್ತೇವೆ. ಇದುವರೆಗೆ ಹನ್ನೊಂದು ಕರಾರುಗಳು ಬಂದಿವೆ. ನಾಲ್ಕರಲ್ಲಿ ಕೂಲಿಯ ಅಂಕಿ ಇರಲಿಲ್ಲ. ನಾಲ್ಕನ್ನೂ ಮಧ್ಯವರ್ತಿಗಳಿಗೆ ಹಿಂದಿರುಗಿಸಿದೆವು. ಒಂದು ಅಂಕಿಯನ್ನು ತುಂಬಿಕೊಂಡು ಮರಳಿ ಬಂದಿದೆ. ಮೂರು ಬಂದಿಲ್ಲ, ಆ ಮೂವರು ಮಕ್ಕಳು ಇನ್ನೂ ಊರಿನಲ್ಲಿಯೇ ಇದ್ದಾರೆ. ಅವರಿಗೆ ಇಲ್ಲಿ ಕೆಲಸವಿಲ್ಲ. ಅವರ ತಂದೆಯೊಬ್ಬರು, ಖಾಲಿಯಿದ್ದರೂ ಪರವಾಗಿಲ್ಲ, ಕಳುಹಿಸುತ್ತಿದ್ದೆವು ಎಂದು ಮೊನ್ನೆ ನಮ್ಮೊಡನೆ ವಾದಿಸಿದರು. ಅವರಿಗೆ ಕೊಡಲು ಸಿದ್ಧವಾದ ಉತ್ತರ ನಮ್ಮ ಬಳಿ ಇರಲಿಲ್ಲ. ಮುಂದಿನ ಭಾನುವಾರ ಬನ್ನಿ ಎಂದೆವು.

ವಾಚನಾಲಯದಲ್ಲಿ ಕುಳಿತು ಓದಿ ಹೇಳುವವರು ಈಗ ಇಬ್ಬರೇ. ಒಬ್ಬರು ನಾವು. ಇನ್ನೊಬ್ಬಳು 2012ರಲ್ಲಿ ನಮ್ಮ ತರಗತಿಯಿಂದ ಗಿರಣಿಗೆ ಹೋದವಳು. ಆಕೆ ತಮಿಳನ್ನು ಕಲಿತುದು ಅಲ್ಲಿಯೇ, ನಮಗಿಂತ ಚೆನ್ನಾಗಿ. ತಮಿಳು ಓದಬಲ್ಲವರು, ಭಾನುವಾರ ಎರಡು ಗಂಟೆ ಬಿಡುವಿರುವವರು ಊಟದ ಬಳಿಕ ತಮ್ಮ ಹೆಸರನ್ನು ಆಕೆಯ ಬಳಿ ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ. ಆಕೆ ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ ಕುಳಿತಿದ್ದಾಳೆ.